ಅಂಗಳದ ದಾಸವಾಳ, ಹಿತ್ತಲಿನ ಬೆಂಡೆ

ಬೆಂಡೆಯ ಹೂವನ್ನು ನಿಂತು ನೋಡುವವರು ಕಡಿಮೆ. ಕಾಯಿ ಬಲಿತುಬಿಟ್ಟೀತು ಎಂಬ ಗಡಿಬಿಡಿಯಲ್ಲಿ ನಮ್ಮ ಕಣ್ಣು ಹೂವನ್ನು ದಾಟಿ ನೇರ ಕಾಯಿಗೇ ಹೋಗುತ್ತದೆ. ಒಮ್ಮೆ ಬಿಸಿಲೇರುವ ಮೊದಲು ಹೋಗಿ ನೋಡಿ. ತಿಳಿಹಳದಿಯ ಐದು ಎಸಳು, ಬುಡದಲ್ಲಿ ಕಡುಗೆಂಪು ಮಚ್ಚೆ, ನಡುವೆ ಕೇಸರಗಳೆಲ್ಲ ಕೂಡಿಕೊಂಡು ಆದ ಒಂದು ಕೊಳವೆ, ಅದರ ತುದಿಯಲ್ಲಿ ಮಖಮಲ್ಲಿನಂಥ ಕೆಂಪು ಗುಂಡು. ಮಧ್ಯಾಹ್ನದ ಹೊತ್ತಿಗೆ ಹೂವು ಬಾಡಿ ಮುದುಡಿರುತ್ತದೆ. ಇದರ ಪಕ್ಕದಲ್ಲಿ ಒಂದು ದಾಸವಾಳವನ್ನು ಇಟ್ಟು ನೋಡಿದರೆ ಅಕ್ಕತಂಗಿಯರೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೈಸ್ಕೂಲಿನಲ್ಲಿ ಬ್ಲೇಡು ಹಿಡಿದು ದಾಸವಾಳವನ್ನು ಸೀಳಿ, ಪುಷ್ಪಪತ್ರ, ದಳ, ಕೇಸರ, ಅಂಡಾಶಯ ಎಂದು ಪೆನ್ಸಿಲ್ಲಿನಲ್ಲಿ ಚಿತ್ರ ಬರೆದ ನಮ್ಮ ತಲೆಮಾರಿನವರು, ಅದೇ ಚಿತ್ರವನ್ನು ಬೆಂಡೆಯ ಹೂವು ನೋಡಿಯೂ ಬರೆಯಬಹುದಿತ್ತು.

ಆದರೂ ದಾಸವಾಳ ‘ಶೋ ಗಿಡ’, ಬೆಂಡೆ ತರಕಾರಿ. ನರ್ಸರಿಯಲ್ಲಿ ಒಂದು ಮುಂದಿನ ಸಾಲಿನ ಕುಂಡದಲ್ಲಿ ನಿಂತಿರುತ್ತದೆ, ಇನ್ನೊಂದು ಕೌಂಟರಿನ ಹಿಂದೆ ಬೀಜದ ಪ್ಯಾಕೆಟ್ಟಿನಲ್ಲಿ ಇರುತ್ತದೆ. ನಮ್ಮ ಊರ ಮನೆಗಳಲ್ಲೂ ಹಾಗೆಯೇ: ದಾಸವಾಳ ಅಂಗಳದ ಬೇಲಿಗೆ, ಬೆಂಡೆ ಹಿತ್ತಲಿಗೆ. ಈ ಎರಡರ ನಡುವೆ ಗೆರೆ ಎಳೆದವರು ಯಾರು? ಗಿಡವೇ ಎಳೆದುಕೊಂಡಿತೋ, ವಿಜ್ಞಾನ ಎಳೆಯಿತೋ, ನಾವು ಎಳೆದೆವೋ? ನಾನು ಸಸ್ಯಶಾಸ್ತ್ರ ಓದಿದವನಲ್ಲ. ನನ್ನ ಎಂಟೆಕ್ ಕಂಪ್ಯೂಟರಿನದು, ಹೊಟ್ಟೆಪಾಡು ಸಾಫ್ಟ್‌ವೇರ್ ಪ್ರಾಜೆಕ್ಟುಗಳದು. ಆದರೆ ಹಳೆಯ ಡೇಟಾಬೇಸನ್ನು ಹೊಸದಕ್ಕೆ ಸಾಗಿಸುವ ಕೆಲಸ ಮಾಡಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ: ಮೊದಲ ಜಗಳ ಬರುವುದು ‘ಕೆಟಗರಿ’ ಎಂಬ ಕಾಲಂನಲ್ಲಿ. ಯಾರೋ ಯಾವುದೋ ಕಾಲದಲ್ಲಿ ತಮ್ಮ ಅನುಕೂಲಕ್ಕೆ ತುಂಬಿದ್ದು ಮುಂದೆ ನಿಯಮವಾಗಿ ಕೂತಿರುತ್ತದೆ. ದಾಸವಾಳ ಮತ್ತು ಬೆಂಡೆಯ ಚರಿತ್ರೆಯನ್ನು ನಾನು ಓದತೊಡಗಿದ್ದು ಈ ಕುತೂಹಲದಿಂದ.

ಮೊದಲು ಕಾಗದದ ದಾಖಲೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ‘ಸ್ಪೀಶೀಸ್ ಪ್ಲಾಂಟಾರಮ್’ ಪ್ರಕಟಿಸಿದ. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ನೆಲೆಯಾದದ್ದು ಈ ಪುಸ್ತಕದಿಂದ. ಅದರ ಎರಡನೇ ಸಂಪುಟದ 694ನೇ ಪುಟದಲ್ಲಿ ನಮ್ಮ ದಾಸವಾಳ ಇದೆ: ಹಿಬಿಸ್ಕಸ್ ರೋಸಾ-ಸೈನೆನ್ಸಿಸ್. 696ನೇ ಪುಟದಲ್ಲಿ ಬೆಂಡೆ ಇದೆ: ಹಿಬಿಸ್ಕಸ್ ಎಸ್ಕ್ಯುಲೆಂಟಸ್. ಎರಡೂ ಒಂದೇ ಕುಲ, ನಡುವೆ ಎರಡು ಪುಟದ ಅಂತರ. ಹೂವಿನ ಒಳಗಿನ ರಚನೆಯನ್ನು ನೋಡಿ ಗಿಡಗಳನ್ನು ಗುಂಪು ಮಾಡುತ್ತಿದ್ದ ಲಿನೇಯಸ್‌ಗೆ ಇವುಗಳನ್ನು ಬೇರೆ ಇಡಲು ಕಾರಣ ಕಾಣಲಿಲ್ಲ. ಆದರೆ ಹೆಸರಿನ ಎರಡನೇ ಪದವನ್ನು ಗಮನಿಸಿ. ಒಂದಕ್ಕೆ ‘ಚೀನಾದ ಗುಲಾಬಿ’ ಎಂದು ಕರೆದ, ಇನ್ನೊಂದಕ್ಕೆ ‘ತಿನ್ನಲು ಬರುವುದು’ ಎಂದ. ನೋಡುವ ಗಿಡ, ತಿನ್ನುವ ಗಿಡ ಎಂಬ ಮನೆಮಾತಿನ ವಿಂಗಡಣೆ ವಿಜ್ಞಾನದ ಹೆಸರಿನ ಬಾಲದಲ್ಲಿ ಹೀಗೆ ಸೇರಿಕೊಂಡಿತು.

ಆ ಕೂಡುಕುಟುಂಬ ಬಹಳ ಕಾಲ ಬಾಳಲಿಲ್ಲ. 1787ರಲ್ಲಿ ಜರ್ಮನಿಯ ಮೆಡಿಕಸ್ ‘ಅಬೆಲ್‌ಮೊಸ್ಕಸ್’ ಎಂಬ ಹೊಸ ಕುಲವನ್ನು ಕಟ್ಟಿದ. 1794ರಲ್ಲಿ ಇನ್ನೊಬ್ಬ ಜರ್ಮನ್ ಸಸ್ಯತಜ್ಞ ಮೊಂಖ್ ಬೆಂಡೆಯನ್ನು ಅದಕ್ಕೆ ಸೇರಿಸಿದ. ಬೆಂಡೆಯ ಇಂದಿನ ಹೆಸರು ಅಬೆಲ್‌ಮೊಸ್ಕಸ್ ಎಸ್ಕ್ಯುಲೆಂಟಸ್ ಬಂದದ್ದು ಅಲ್ಲಿಂದ. ಹೊಸ ಕುಲದ ಹೆಸರು ಅರಬ್ಬಿಯಿಂದ ಬಂದದ್ದು. ‘ಕಸ್ತೂರಿಯ ತಂದೆ’ ಎಂದು ಅರ್ಥ. ನಮ್ಮ ಕಸ್ತೂರಿ ಬೆಂಡೆ ಈ ಕುಲದ್ದೇ, ಅದರ ಬೀಜಕ್ಕೆ ಕಸ್ತೂರಿಯ ಪರಿಮಳ. ಆದರೆ ಪಾಲು ಮಾಡಿದ ಪತ್ರಕ್ಕೆ ಎಲ್ಲರೂ ಸಹಿ ಹಾಕಲಿಲ್ಲ. ಬ್ರಿಟಿಷರ ಕಾಲದ ಭಾರತದ ಸಸ್ಯಗ್ರಂಥಗಳಲ್ಲಿ ಬೆಂಡೆ ಹಿಬಿಸ್ಕಸ್ ಆಗಿಯೇ ಉಳಿಯಿತು. 1924ರಲ್ಲಿ ಜಿನೀವಾದ ಹೋಖ್‌ರೂಟಿನರ್ ಅಬೆಲ್‌ಮೊಸ್ಕಸ್ ಬೇರೆಯೇ ಕುಲ ಎಂದು ಮತ್ತೆ ವಾದ ಹೂಡಿದ ಮೇಲೆ ಹೊಸ ಹೆಸರು ಗಟ್ಟಿಯಾಯಿತು. ಹಳೆಯ ಕೃಷಿ ಪುಸ್ತಕಗಳಲ್ಲಿ ಬೆಂಡೆಯ ಮುಂದೆ ಹಿಬಿಸ್ಕಸ್ ಎಂದು ಬರೆದಿರುವುದು ಅಚ್ಚಿನ ತಪ್ಪಲ್ಲ, ಆ ಕಾಲದ ಸರಿಯಾದ ಹೆಸರು.

ಇಷ್ಟಕ್ಕೂ ಯಾವ ಆಧಾರದ ಮೇಲೆ ಪಾಲಾಯಿತು? ಹೂವನ್ನು ಕೆಳಗಿನಿಂದ ಹಿಡಿದಿರುವ ಹಸಿರು ಬಟ್ಟಲು ಇದೆಯಲ್ಲ, ಪುಷ್ಪಪಾತ್ರೆ, ಅದರ ಮೇಲೆ. ದಾಸವಾಳದಲ್ಲಿ ಅದು ಐದು ಹಲ್ಲಿನ ಬಟ್ಟಲು. ಎಸಳು ಉದುರಿದರೂ ಅದು ಉಳಿಯುತ್ತದೆ. ಬೆಂಡೆಯಲ್ಲಿ ಅದು ಟೋಪಿಯ ಹಾಗೆ ಮೊಗ್ಗನ್ನು ಮುಚ್ಚಿರುತ್ತದೆ. ಹೂವು ಅರಳುವಾಗ ಒಂದೇ ಮಗ್ಗುಲಿಗೆ ಸೀಳಿಕೊಳ್ಳುತ್ತದೆ, ಎಸಳುಗಳಿಗೆ ಅಂಟಿಕೊಂಡೇ ಇದ್ದು ಅವುಗಳ ಜೊತೆಗೇ ಕಳಚಿ ಬೀಳುತ್ತದೆ. ಇಷ್ಟೇ. ಬಾಲ್ಕನಿಯಲ್ಲಿ ಎರಡೂ ಇದ್ದರೆ ಭೂತಗನ್ನಡಿಯಿಲ್ಲದೆ ನೀವೇ ಪರೀಕ್ಷೆ ಮಾಡಬಹುದು. ವಿಜ್ಞಾನ ಎಳೆದ ಗೆರೆಗೂ ಅಡಿಗೆಮನೆಗೂ ಯಾವ ಸಂಬಂಧವೂ ಇಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಪುಂಡಿ.

ಹೈದರಾಬಾದಿನಲ್ಲಿ ನಾಲ್ಕು ವರ್ಷ ಇದ್ದಾಗ ‘ಗೋಂಗೂರ’ ಎಂದು ಮಾರುಕಟ್ಟೆಯಲ್ಲಿ ಕಂಡ ಸೊಪ್ಪು ರಾಯಚೂರಿನ ಕಡೆಯವಳಾದ ನನ್ನ ಹೆಂಡತಿಗೆ ಹೊಸದೇನಲ್ಲ. ರೊಟ್ಟಿಯ ಜೊತೆಗೆ ಪುಂಡಿಪಲ್ಯ ಉಂಡು ಬೆಳೆದವಳು ಅವಳು. ಈಗ ಪುಣೆಯಲ್ಲಿ ಅದೇ ಸೊಪ್ಪು ‘ಅಂಬಾಡಿ’. ಸಾಗರದ ಕಡೆಯವನಾದ ನನಗೆ ಮಾತ್ರ ಅದರ ಹುಳಿ ರೂಢಿಯಾಗಲು ಕಾಲ ಹಿಡಿಯಿತು. ಈ ಪುಂಡಿಯ ಸಸ್ಯಶಾಸ್ತ್ರೀಯ ಹೆಸರು ಹಿಬಿಸ್ಕಸ್ ಸಬ್ದರಿಫಾ. ಅದೇ 1753ರ ಪುಸ್ತಕದಲ್ಲಿ, ದಾಸವಾಳಕ್ಕೂ ಬೆಂಡೆಗೂ ನಡುವಿನ 695ನೇ ಪುಟದಲ್ಲಿ ಲಿನೇಯಸ್ ಅದನ್ನು ಇರಿಸಿದ್ದ. ಬೆಂಡೆ ಮನೆ ಬಿಟ್ಟು ಹೋಯಿತು, ಪುಂಡಿ ಹೋಗಲಿಲ್ಲ. ಅಂದರೆ ಇವತ್ತಿಗೂ ದಾಸವಾಳದ ಒಡಹುಟ್ಟು ಎಂದು ವಿಜ್ಞಾನ ಒಪ್ಪುವ ಗಿಡ ನಮ್ಮ ತಟ್ಟೆಯಲ್ಲಿ ಪಲ್ಯವಾಗಿದೆ. ಅಲ್ಲಿಂದ ಹೊರಗೆ ಹೋದ ಕಸ್ತೂರಿ ಬೆಂಡೆಯನ್ನು ಬೀಜದ ಪರಿಮಳಕ್ಕಾಗಿ ಬೆಳೆಸುತ್ತಾರೆ. ದಾಸವಾಳವೂ ತಿನ್ನುವ ವಸ್ತುವೇ. ನಮ್ಮ ಕಡೆ ಬೇಸಿಗೆಯಲ್ಲಿ ಅದರ ಹೂವಿನ ತಂಬುಳಿ ಮಾಡುತ್ತಾರೆ.

ಪುಸ್ತಕಗಳಿಗಿಂತ ಮೊದಲೇ ಈ ನಂಟಸ್ತಿಕೆಯನ್ನು ಗುರುತಿಸಿದ್ದು ನಮ್ಮ ನೆರೆಯ ಭಾಷೆಗಳು. ಚೆನ್ನೈಯಲ್ಲಿರುವ ಓದುಗರಿಗೆ ದಾಸವಾಳ ‘ಸೆಂಬರುತ್ತಿ’ ಎಂದು ಗೊತ್ತು, ಮಲಯಾಳದಲ್ಲಿ ‘ಚೆಂಬರತ್ತಿ’. ಬಿಡಿಸಿದರೆ ‘ಕೆಂಪು ಹತ್ತಿ’ ಎಂದಾಗುತ್ತದೆ. ಹತ್ತಿಯೂ ಇದೇ ಕುಟುಂಬದ್ದು. ಹತ್ತಿಯ ಹೂವನ್ನೂ ದಾಸವಾಳವನ್ನೂ ಒಟ್ಟಿಗೆ ನೋಡಿದ ಯಾರೋ ರೈತರು ಎಂದೋ ಈ ಹೆಸರಿಟ್ಟರು. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ‘ಹೊರ್ತುಸ್ ಮಲಬಾರಿಕಸ್’ ಎಂಬ ಮಲಬಾರಿನ ಗಿಡಗಳ ಗ್ರಂಥದಲ್ಲಿ ಈ ‘ಪರುತ್ತಿ’ ಎಂಬ ಮಾತು ಹಲವು ಗಿಡಗಳ ಹೆಸರಿನಲ್ಲಿ ಬರುತ್ತದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅದನ್ನು ಮಾಡಿಸಿದ. ಗಿಡಗಳ ಅರಿವು ಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರೂ, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರೂ ಇದ್ದರು. ಲಿನೇಯಸ್ ತನ್ನ ಪುಸ್ತಕ ಬರೆಯುವಾಗ ಈ ಸಂಪುಟಗಳನ್ನು ಬಳಸಿದ. 1763ರಲ್ಲಿ ಫ್ರಾನ್ಸಿನ ಅಡಾನ್ಸನ್ ‘ಪರಿಟಿ’ ಎಂಬ ಕುಲದ ಹೆಸರನ್ನೇ ಮಾಡಿದ. ಮಲಬಾರಿನ ಹತ್ತಿಯ ಮಾತು ಹೀಗೆ ಲ್ಯಾಟಿನ್ ಪಟ್ಟಿಗೆ ಹೋಗಿ ಸೇರಿತು.

ಬೆಂಡೆಯ ಹೆಸರಿನ ಕಥೆ ಮುಂಬಯಿಯವರಿಗೆ ಇನ್ನೂ ಹತ್ತಿರದ್ದು. ಕನ್ನಡದ ಬೆಂಡೆ, ತೆಲುಗಿನ ಬೆಂಡ, ತಮಿಳಿನ ವೆಂಡೈ, ಮರಾಠಿಯ ಭೇಂಡಿ, ಹಿಂದಿಯ ಭಿಂಡಿ ಎಲ್ಲ ಒಂದೇ ಮಾತಿನ ರೂಪಗಳ ಹಾಗೆ ಕೇಳಿಸುತ್ತವೆ. ಮರಾಠಿಯಲ್ಲಿ ‘ಭೇಂಡಿ’ ಎಂದರೆ ತರಕಾರಿಯಷ್ಟೇ ಅಲ್ಲ, ಒಂದು ಮರ ಕೂಡ. ನಾವು ಹೂವರಸಿ ಎನ್ನುವ, ಸಮುದ್ರತೀರದ, ಹಳದಿ ಹೂವಿನ ಮರ ಅದು. ಲಿನೇಯಸ್ ಅದನ್ನೂ ಹಿಬಿಸ್ಕಸ್ ಎಂದೇ ಕರೆದಿದ್ದ. ಮುಂಬಯಿಯ ಭೇಂಡಿ ಬಜಾರಿನ ಹೆಸರು ಇಂಗ್ಲಿಷಿನ ‘ಬಿಹೈಂಡ್ ದ ಬಜಾರ್’ ಎಂಬುದರ ಅಪಭ್ರಂಶ ಎಂಬ ಕಥೆ ಎಲ್ಲರ ಬಾಯಲ್ಲಿದೆ. ಆದರೆ ಸ್ಯಾಮ್ಯುಯೆಲ್ ಶೆಪರ್ಡ್ 1917ರಲ್ಲಿ ಪ್ರಕಟಿಸಿದ ಮುಂಬಯಿಯ ಸ್ಥಳನಾಮಗಳ ಪುಸ್ತಕ ಅಲ್ಲಿ ಬೆಳೆದಿದ್ದ ಭೇಂಡಿ ಮರಗಳನ್ನು ಕಾರಣವಾಗಿ ಕೊಡುತ್ತದೆ. ಹೆಸರು ಹೀಗೆ ಮರದಿಂದ ಬಂದಿದ್ದರೆ, ತರಕಾರಿಗೂ ಹೂಮರಕ್ಕೂ ಒಂದೇ ಹೆಸರು ಸಾಲದೇನು ಎಂದುಕೊಂಡ ಜನ ಆ ಬೀದಿಯಲ್ಲಿ ಓಡಾಡಿದ್ದರು.

ಇನ್ನು ಇವೆರಡರ ಹುಟ್ಟೂರು ಯಾವುದು? ಇಲ್ಲಿ ಚರಿತ್ರೆ ನಮ್ಮಂಥವರ ಕಥೆಯ ಹಾಗಾಗುತ್ತದೆ. ಪರವೂರಿನಲ್ಲಿ ಯಾರಾದರೂ ‘ಮೂಲ ಯಾವೂರು’ ಎಂದು ಕೇಳಿದಾಗ ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಎಂದು ಮೂರು ಊರು ಹೇಳಬೇಕಾಗುತ್ತದಲ್ಲ, ಹಾಗೆ. ದಾಸವಾಳದ ಹೆಸರಿನಲ್ಲಿ ಚೀನಾ ಇದೆ. ಆದರೆ ಈ ಪ್ರಭೇದ ಚೀನಾದಲ್ಲಾಗಲಿ ಬೇರೆಲ್ಲಾಗಲಿ ಕಾಡಿನಲ್ಲಿ ತಾನಾಗಿ ಬೆಳೆದದ್ದು ಸಿಕ್ಕಿಲ್ಲ. ಮನುಷ್ಯ ನೆಟ್ಟಲ್ಲೇ ಅದು ಇದೆ. ಪೆಸಿಫಿಕ್ ದ್ವೀಪಗಳ ದಾಸವಾಳಗಳನ್ನು ಅಧ್ಯಯನ ಮಾಡಿದ ಕೆಲವು ತಜ್ಞರು ಇತ್ತೀಚೆಗೆ, ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಗಿಡ ಒಯ್ಯುತ್ತಿದ್ದ ಪಾಲಿನೇಶಿಯನ್ ಜನರ ಕೈಯಲ್ಲಿ ಎರಡು ಕಾಡು ಪ್ರಭೇದ ಬೆರೆತು ಇದು ಹುಟ್ಟಿತೆಂದು ವಾದಿಸಿದ್ದಾರೆ. ಮಲೇಷ್ಯಾ 1960ರಲ್ಲಿ ಇದನ್ನೇ ರಾಷ್ಟ್ರೀಯ ಹೂವಾಗಿ ಆರಿಸಿಕೊಂಡಿತು. ವಲಸೆ ಬಂದ ಗಿಡ ಅಲ್ಲಿ ಬಾವುಟದಷ್ಟೇ ಗೌರವದ್ದು.

ಬೆಂಡೆಯ ಮೂಲದ ಬಗ್ಗೆಯೂ ಪಂಡಿತರಲ್ಲಿ ಆಫ್ರಿಕಾದ ಪಕ್ಷ, ಭಾರತದ ಪಕ್ಷ ಎಂದು ಎರಡಿವೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎ. ಬಿ. ಜೋಶಿ ಮತ್ತು ಎಂ. ಡಬ್ಲ್ಯು. ಹರ್ದಾಸ್ 1956ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಬೆಂಡೆಯ ಜೀವಕೋಶದಲ್ಲಿ ಸಾಮಾನ್ಯವಾಗಿ 130 ವರ್ಣತಂತುಗಳು. ಉತ್ತರ ಭಾರತದ ಒಂದು ಕಾಡುಬೆಂಡೆಯಲ್ಲಿ 58. ಹಾಗಾದರೆ ಉಳಿದ 72 ಇನ್ನೊಂದು ಪ್ರಭೇದದಿಂದ ಬಂದಿರಬೇಕು, ಬೆಂಡೆ ಎರಡು ಗಿಡಗಳ ಬೆರಕೆಯ ಸಂತಾನ ಎಂಬುದು ಅವರು ತೋರಿಸಿದ ದಾರಿ. ಅತ್ತ 13ನೇ ಶತಮಾನದ ಆರಂಭದಲ್ಲಿ ಈಜಿಪ್ಟಿಗೆ ಹೋದ ಸೆವಿಲ್ಲೆಯ ಸಸ್ಯತಜ್ಞ ಅಬುಲ್ ಅಬ್ಬಾಸ್ ಅಲ್ ನಬಾತಿ ಅಲ್ಲಿನ ಜನ ಬೆಂಡೆಯನ್ನು ಎಳೆಯದಿದ್ದಾಗ ತಿನ್ನುವುದನ್ನು ಬರೆದಿಟ್ಟಿದ್ದಾನೆ. ಅಲ್ಲಿಂದ ಮುಂದಿನ ಪಯಣ ಕಹಿಯಾದದ್ದು. ಆಫ್ರಿಕಾದಿಂದ ಗುಲಾಮರನ್ನು ಹೊತ್ತ ಹಡಗುಗಳ ದಾರಿಯಲ್ಲೇ ಬೆಂಡೆ ಅಟ್ಲಾಂಟಿಕ್ ದಾಟಿತು. 1658ರ ಹೊತ್ತಿಗೆ ಬ್ರೆಜಿಲಿನಲ್ಲಿತ್ತು. ಇಂಗ್ಲಿಷಿನ ‘ಓಕ್ರಾ’ ಪಶ್ಚಿಮ ಆಫ್ರಿಕಾದ ಇಗ್ಬೊ ಭಾಷೆಯ ಮಾತಿನಿಂದ ಬಂದದ್ದು. ಅಮೆರಿಕದ ಲೂಸಿಯಾನಾದ ಪ್ರಸಿದ್ಧ ಸಾರು ‘ಗಂಬೊ’ ಎಂಬ ಹೆಸರು ಬಾಂಟು ಭಾಷೆಗಳಲ್ಲಿ ಬೆಂಡೆಗೆ ಇರುವ ಹೆಸರಿನಿಂದ ಬಂದದ್ದು. ಎಲ್ಲವನ್ನೂ ಕಸಿದುಕೊಂಡ ಮೇಲೂ ಆ ಜನರ ಬಾಯಲ್ಲಿ ಒಂದು ತರಕಾರಿಯ ಹೆಸರು ಉಳಿದು, ಕಸಿದುಕೊಂಡವರ ನಿಘಂಟಿಗೇ ಸೇರಿಕೊಂಡಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬೆಂಡೆ ಬೆಳೆಯುವ ದೇಶ ನಮ್ಮದು.

ಆಳುವವರ ಕಣ್ಣಿಗೆ ಈ ಗಿಡಗಳು ಯಾವಾಗಲೂ ಹೂವು ಅಥವಾ ಕಾಯಿಯಾಗಿಯೇ ಕಂಡಿದ್ದವು ಎಂದಲ್ಲ. ಕ್ರಿಮಿಯಾ ಯುದ್ಧದಲ್ಲಿ ರಷ್ಯಾದಿಂದ ಬರುತ್ತಿದ್ದ ಸೆಣಬಿನ ನಾರಿಗೆ ಕುತ್ತು ಬಂದಾಗ, ಹಡಗಿನ ಹಗ್ಗಕ್ಕೆ ಬದಲಿ ಹುಡುಕುವ ಅವಸರ ಬ್ರಿಟಿಷರಿಗೆ ಹತ್ತಿತು. ಜಾನ್ ಫೋರ್ಬ್ಸ್ ರಾಯ್ಲ್ 1855ರಲ್ಲಿ ಪ್ರಕಟಿಸಿದ ಭಾರತದ ನಾರಿನ ಗಿಡಗಳ ಪುಸ್ತಕದಲ್ಲಿ ಪುಂಡಿಯ ಜಾತಿಯೂ ಬೆಂಡೆಯೂ ಹಗ್ಗದ ಕಚ್ಚಾವಸ್ತುವಾಗಿ ಸಾಲಿನಲ್ಲಿ ನಿಂತಿವೆ. ಅದೇ ಕಾಲದ ಇಂಗ್ಲಿಷರು ದಾಸವಾಳವನ್ನು ‘ಶೂ ಫ್ಲವರ್’ ಎಂದು ಕರೆದರು, ಏಕೆಂದರೆ ಅದರ ಎಸಳನ್ನು ಉಜ್ಜಿದರೆ ಚರ್ಮದ ಬೂಟು ಕಪ್ಪಗೆ ಹೊಳೆಯುತ್ತದೆ. ಗಣಪತಿಯ ಮುಡಿಗೆ ಏರುವ, ಬಂಗಾಳದಲ್ಲಿ ಕಾಳಿಯ ಕೊರಳಿಗೆ ಮಾಲೆಯಾಗುವ, ನವಗ್ರಹ ಸ್ತೋತ್ರದಲ್ಲಿ ಸೂರ್ಯನ ಬಣ್ಣಕ್ಕೆ ಹೋಲಿಕೆಯಾದ ಹೂವು ಸಾಹೇಬರ ಮನೆಯಲ್ಲಿ ಪಾಲಿಶ್ ಆಯಿತು. ಗಿಡ ಅದೇ. ‘ಕೆಟಗರಿ’ ಕಾಲಂನಲ್ಲಿ ಏನು ಬರೆಯಬೇಕು ಎನ್ನುವುದು ಮಾತ್ರ ಬರೆಯುವವನ ಅಗತ್ಯ.

ನಮ್ಮ ಊರಿನವರ ಅಗತ್ಯ ಬೇರೆ ಇತ್ತು. ಎರಡು ಗಿಡಕ್ಕೂ ಸಮಾನವಾದ ಒಂದು ಗುಣ ಲೋಳೆ. ಮಲೆನಾಡಿನ ಹೆಂಗಸರು ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಗೊಂಪು ಮಾಡಿ ತಲೆ ತೊಳೆಯುತ್ತಿದ್ದರು. ಬೆಂಡೆಯ ಲೋಳೆಗೆ ಆಲೆಮನೆಯಲ್ಲಿ ಕೆಲಸ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಜಜ್ಜಿದ ಬೆಂಡೆಗಿಡದ ಲೋಳೆ ಹಾಕಿದರೆ ಕೊಳೆ ಅದಕ್ಕೆ ಅಂಟಿಕೊಂಡು ಮೇಲೆ ತೇಲುತ್ತದೆ. ಅದನ್ನು ತೆಗೆದರೆ ಬೆಲ್ಲದ ಬಣ್ಣ ತಿಳಿಯಾಗುತ್ತದೆ. ಕೊಲ್ಲಾಪುರದ ಕಡೆಯೂ ಈ ಪದ್ಧತಿ ಇದೆ. ಇಲ್ಲಿ ದಾಸವಾಳ ಅಲಂಕಾರವೂ ಅಲ್ಲ, ಬೆಂಡೆ ತರಕಾರಿಯೂ ಅಲ್ಲ. ಕೀಟಗಳಿಗೂ ನಮ್ಮ ವಿಂಗಡಣೆ ಗೊತ್ತಿಲ್ಲ. ಹತ್ತಿಗೆ ಬರುವ ಕೆಂಪು ತಿಗಣೆ, ಹಿಟ್ಟು ತಿಗಣೆ ಬೆಂಡೆಗೂ ಬರುತ್ತವೆ, ದಾಸವಾಳಕ್ಕೂ ಬರುತ್ತವೆ.

ಸ್ವಾತಂತ್ರ್ಯದ ನಂತರದ ವಿಜ್ಞಾನದ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ವ್ಯಕ್ತಿ ಬಿ. ಪಿ. ಪಾಲ್. ಮೇಲೆ ಹೇಳಿದ 58 ವರ್ಣತಂತುಗಳ ಕಾಡುಬೆಂಡೆಯನ್ನು 1952ರಲ್ಲಿ ಮೊದಲು ವಿವರಿಸಿ ಹೆಸರಿಟ್ಟವರು ಪಾಲ್ ಮತ್ತು ಹರಭಜನ್ ಸಿಂಗ್. ಪಾಲ್ ಗೋಧಿಯ ತಳಿವಿಜ್ಞಾನಿ, ತುಕ್ಕುರೋಗ ತಡೆಯುವ ಗೋಧಿಗಾಗಿ ದುಡಿದವರು, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರು. ಅದೇ ಮನುಷ್ಯ ಗುಲಾಬಿಯ ಹುಚ್ಚಿನವರು. ಸ್ವತಃ ಹಲವು ಗುಲಾಬಿ ತಳಿಗಳನ್ನು ಮಾಡಿದರು, ಭಾರತದ ಗುಲಾಬಿಯ ಬಗ್ಗೆ ಪುಸ್ತಕ ಬರೆದರು. ಅನ್ನ, ತರಕಾರಿ, ಅಲಂಕಾರ ಮೂರೂ ಒಬ್ಬರ ಕೈಯಲ್ಲೇ ಇದ್ದವು.

ಕಾಡುಬೆಂಡೆಗಳ ಹುಡುಕಾಟಕ್ಕೆ ಪಂಡಿತರ ಕುತೂಹಲ ಮಾತ್ರ ಕಾರಣವಾಗಿರಲಿಲ್ಲ. ಬೆಂಡೆಯ ಎಲೆಯ ನರಗಳೆಲ್ಲ ಹಳದಿಯಾಗಿ, ಕೊನೆಗೆ ಕಾಯಿಯೂ ಬಿಳಿಚಿಕೊಳ್ಳುವ ನಂಜುರೋಗವನ್ನು 1924ರಲ್ಲಿ ಮುಂಬಯಿ ಪ್ರಾಂತ್ಯದಿಂದ ಮೊದಲು ವರದಿ ಮಾಡಲಾಯಿತು. ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. 1960ರ ಹೊತ್ತಿಗೆ ದೆಹಲಿಯ ‘ಪೂಸಾ ಸಾವನಿ’ ತಳಿ ರೋಗ ತಾಳಿಕೊಂಡು ಹೆಸರು ಮಾಡಿತು, ಮುಂದೆ ಅದರ ತಾಳಿಕೆ ಸೋತಿತು. ಆಗ ಕಾಡಿನ ನಂಟರನ್ನು ಕರೆಯಬೇಕಾಯಿತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಡೆಯನ್ನು ಒಂದು ಕಾಡು ಪ್ರಭೇದದ ಜೊತೆ ಬೆರೆಸಿ ‘ಅರ್ಕಾ ಅನಾಮಿಕಾ’ ತಳಿಯನ್ನು ಮಾಡಿತು. ಮರಾಠವಾಡದ ಪರಭಣಿಯಲ್ಲಿ ‘ಪರಭಣಿ ಕ್ರಾಂತಿ’ ಬಂದದ್ದೂ ಇಂಥದೇ ಬೆರಕೆಯಿಂದ. ನಾವು ನಿನ್ನೆ ತಿಂದ ಬೆಂಡೆ ಪಲ್ಯದ ಹಿಂದೆ, ಯಾರೂ ತರಕಾರಿ ಎಂದು ಲೆಕ್ಕಕ್ಕೆ ಹಿಡಿಯದ ಬೇಲಿಬದಿಯ ಗಿಡಗಳು ಇರಬಹುದು. ‘ಉಪಯೋಗವಿಲ್ಲ’ ಎಂದು ಕಿತ್ತುಹಾಕಿದ್ದರೆ ಆ ಬಾಗಿಲು ಮುಚ್ಚಿಹೋಗುತ್ತಿತ್ತು.

ಹಾಗಾದರೆ ದಾಸವಾಳಕ್ಕೂ ಬೆಂಡೆಗೂ ವ್ಯತ್ಯಾಸವೇ ಇಲ್ಲವೆ? ಇದೆ, ದೊಡ್ಡದೇ ಇದೆ. ಆದರೆ ಅದು ಚೆಂದ–ಉಪಯೋಗದ್ದಲ್ಲ. ದಾಸವಾಳದ ಶಲಾಕಾಗ್ರ ಕೇಸರಗಳನ್ನು ದಾಟಿ ಮುಂದೆ ಚಾಚಿಕೊಂಡಿರುತ್ತದೆ; ಸೂರಕ್ಕಿಯಂಥ ಹಕ್ಕಿ ಬಂದು ಪರಾಗ ಮುಟ್ಟಿಸಬೇಕು. ಮುಟ್ಟಿಸಿದರೂ ನಮ್ಮ ಅಂಗಳದ ದಾಸವಾಳ ಬೀಜ ಕಟ್ಟುವುದು ಅಪರೂಪ. ಅದು ಹಬ್ಬುವುದು ಟೊಂಗೆಯಿಂದ: ಒಂದು ಗೇಣು ಕಡಿದು ನೆಟ್ಟರೆ ಅದೇ ಗಿಡ ಮತ್ತೆ. ನೀರು ತಪ್ಪಿದರೂ ಕಷ್ಟಪಟ್ಟು ಬದುಕುತ್ತದೆ, ಎರಡು ವರ್ಷ ಮರೆತುಬಿಟ್ಟರೂ ಅಲ್ಲೇ ಇರುತ್ತದೆ. ಬೆಂಡೆಯ ಶಲಾಕಾಗ್ರ ಕೇಸರಗಳ ಮಗ್ಗುಲಲ್ಲೇ ಕೂತಿರುತ್ತದೆ. ಹೆಚ್ಚಿನ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಬಲಿತ ಕಾಯಿಯಿಂದ ಬೀಜ, ಬೀಜದಿಂದ ಮರುವರ್ಷದ ಗಿಡ. ಗಿಡದ ಆಯುಸ್ಸು ಒಂದು ಹಂಗಾಮು. ಅಂದರೆ ಮನೆಯ ಬೆಂಡೆಯ ತಳಿ ಉಳಿಯಬೇಕಾದರೆ ಪ್ರತಿ ವರ್ಷ ಯಾರೋ ಒಬ್ಬರು ಒಳ್ಳೆಯ ಕಾಯಿಯೊಂದನ್ನು ಕೊಯ್ಯದೆ ಬಿಡಬೇಕು, ಒಣಗಿಸಿ ಇಡಬೇಕು, ಮಳೆ ಬಿದ್ದಾಗ ಬಿತ್ತಬೇಕು. ಸರಪಳಿಯ ಒಂದು ಕೊಂಡಿ ತಪ್ಪಿ, ಡಬ್ಬಿಯಲ್ಲಿಟ್ಟ ಬೀಜವೂ ಹಳತಾಗಿ ಮೊಳೆಯದೇ ಹೋದರೆ ಆ ತಳಿ ಮುಗಿಯಿತು.

ಈ ವ್ಯತ್ಯಾಸ ಗೊತ್ತಿದ್ದರೆ ‘ಅಲಂಕಾರಿಕ ಗಿಡಗಳು ಮಾತ್ರ’ ಎಂಬ ನಿಯಮದ ಭಾರ ಅರ್ಥವಾಗುತ್ತದೆ. ನಾವಿರುವ ಅಪಾರ್ಟ್‌ಮೆಂಟಿನ ಕಮಿಟಿ ಮೂರು ವರ್ಷದ ಹಿಂದೆ ಸಾಮೂಹಿಕ ತೋಟಕ್ಕೆ ಈ ನಿಯಮ ಮಾಡಿತು. ಅಪ್ಪ ಹೋದ ಮೇಲೆ ನಮ್ಮ ಜೊತೆಗೆ ಬಂದಿರುವ ಅಮ್ಮ, ಊರ ಹಿತ್ತಲಿನ ಹಾಲುಬೆಂಡೆಯ ಬೀಜವನ್ನು ಸೆರಗಿನ ಗಂಟಿನಲ್ಲಿ ತಂದು ಕಾಂಪೌಂಡಿನ ಮೂಲೆಯಲ್ಲಿ ಹತ್ತು ಗಿಡ ಎಬ್ಬಿಸಿದ್ದರು. ಮಾಲಿ ಒಂದು ಬೆಳಿಗ್ಗೆ ಅವನ್ನು ಕಿತ್ತು ಅದೇ ಜಾಗದಲ್ಲಿ ದಾಸವಾಳ ನೆಟ್ಟ. ಅಮ್ಮ ಯಾರ ಹತ್ತಿರವೂ ಜಗಳ ಆಡಲಿಲ್ಲ. ‘ಇದಕ್ಕೂ ಹೂ ಬಿಡ್ತಲ್ಲೋ, ಒಂದು ವಾರ ಕಾದಿದ್ರೆ ಅವ್ರೂ ನೋಡ್ತಿದ್ರು’ ಎಂದರು ಅಷ್ಟೇ.

ಕಮಿಟಿಯವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಸಭೆಯಲ್ಲಿ ಕಾರ್ಯದರ್ಶಿ ಕಾಕಾ ಬಿಡಿಸಿ ಹೇಳಿದರು: ತರಕಾರಿ ಬೆಳೆದರೆ ಕಾಯಿ ಯಾರದು ಎಂಬ ಪ್ರಶ್ನೆ ಬರುತ್ತದೆ, ಹೂವಿನ ಗಿಡಕ್ಕೆ ಆ ತಂಟೆಯಿಲ್ಲ. ‘ಅಲಂಕಾರಿಕ’ ಎಂಬ ಮಾತಿನ ನಿಜವಾದ ಅರ್ಥ ನನಗೆ ಆವತ್ತು ಸಿಕ್ಕಿತು. ಯಾರೂ ಪಾಲು ಕೇಳದ ಗಿಡ ಅಲಂಕಾರಿಕ ಗಿಡ. ಆದರೆ ಪುಣೆಯಲ್ಲಿ ಬೆಳಗಿನ ಆರು ಗಂಟೆಗೆ ವಾಕಿಂಗ್ ಹೋದವರಿಗೆ ಗೊತ್ತು, ‘ಜಾಸ್ವಂದ’ದ ಗಿಡಗಳ ಸುತ್ತ ಪ್ಲಾಸ್ಟಿಕ್ ಚೀಲ ಹಿಡಿದವರು ಎಷ್ಟು ಮಂದಿ ಇರುತ್ತಾರೆಂದು. ಮನೆಮನೆಯ ಗಣಪತಿಗೆ ಕೆಂಪು ಹೂವು ಬೇಕು. ಎಂಟು ಗಂಟೆಗೆ ನಮ್ಮ ಕಾಂಪೌಂಡಿನ ದಾಸವಾಳದಲ್ಲಿ ಅಲಂಕಾರಕ್ಕೆಂದು ಒಂದು ಹೂವೂ ಉಳಿದಿರುವುದಿಲ್ಲ. ಅದಕ್ಕೆ ಯಾರೂ ಆಕ್ಷೇಪ ಎತ್ತಿಲ್ಲ, ಎತ್ತಬೇಕಾಗಿಯೂ ಇಲ್ಲ. ದೇವರಿಗೆ ಕೊಯ್ದದ್ದು ಪಾಲಾಗುವುದಿಲ್ಲ, ಸಾರಿಗೆ ಕೊಯ್ದದ್ದು ಪಾಲಾಗುತ್ತದೆ ಎಂಬ ನಂಬಿಕೆ ನಮ್ಮೆಲ್ಲರದು.

ನನ್ನ ತಕರಾರು ಒಂದೇ. ಈ ನಿಯಮ ಎರಡು ಗಿಡಕ್ಕೂ ಒಂದೇ ಪೆಟ್ಟು ಕೊಡುವುದಿಲ್ಲ. ದಾಸವಾಳವನ್ನು ನಿಷೇಧಿಸಿದ್ದರೆ ಎರಡು ವರ್ಷದ ನಂತರ ಎಲ್ಲಿಂದಲೋ ಒಂದು ಟೊಂಗೆ ತಂದು ನೆಡಬಹುದಿತ್ತು. ಊರಲ್ಲಿ ಈಗ ಹಿತ್ತಲು ಅಡಿಕೆ ತೋಟವಾಗಿದೆ. ಆ ಹಾಲುಬೆಂಡೆಯ ಬೀಜ ಅಲ್ಲಿ ಯಾರ ಹತ್ತಿರವೂ ಇಲ್ಲ. ಅಮ್ಮನ ಡಬ್ಬಿಯಲ್ಲಿ ಉಳಿದಿದ್ದದ್ದು ಒಂದು ಮುಷ್ಟಿ. ನಗರಗಳಲ್ಲಿ ಚದುರಿರುವ ನಮ್ಮಂಥ ಸಾವಿರಾರು ಮನೆಗಳಲ್ಲಿ ಇಂಥ ಡಬ್ಬಿಗಳಿರಬಹುದು: ಯಾವುದೋ ಊರಿನ ಬದನೆ, ಅವರೆ, ಹೀರೆ. ಅವು ಬಾಳುವುದು ಬಿತ್ತಿದರೆ ಮಾತ್ರ. ತಳಿಯೊಂದು ಕಳೆದುಹೋಗಲು ಬರಗಾಲವೇ ಬೇಕಾಗಿಲ್ಲ, ಎರಡು ಸಾಲಿನ ಸುತ್ತೋಲೆ ಸಾಕು.

ಆ ಮುಷ್ಟಿ ಬೀಜ ಈಗ ನಮ್ಮ ಬಾಲ್ಕನಿಯ ಮೂರು ಪೇಂಟ್ ಡಬ್ಬಗಳಲ್ಲಿ ಮೂರನೇ ಹಂಗಾಮು ಕಂಡಿದೆ. ಪ್ರತಿ ಗಿಡದಲ್ಲೂ ಮೊದಲ ನಾಲ್ಕು ಕಾಯಿಗಳಲ್ಲಿ ನೆಟ್ಟಗಿರುವ ಒಂದಕ್ಕೆ ಅಮ್ಮ ನೂಲು ಕಟ್ಟುತ್ತಾರೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಕಾಂಪೌಂಡಿನ ಮೂಲೆಯಲ್ಲಿ, ದಾಸವಾಳದ ಮಗ್ಗುಲಿಗೆ, ನನ್ನ ಹೆಂಡತಿ ಬಿತ್ತಿದ ಕೆಂಪುದಂಟಿನ ಪುಂಡಿ ಎದೆಮಟ್ಟ ಬೆಳೆದಿದೆ. ಹೋದ ತಿಂಗಳು ತೋಟ ನೋಡಲು ಬಂದ ಕಮಿಟಿಯವರು ಅದರ ಹೂವನ್ನು ಮೆಚ್ಚಿ, ಯಾವ ಗಿಡ ಎಂದು ಮಾಲಿಯನ್ನು ಕೇಳಿದರಂತೆ. ಅವನು ಹಿಬಿಸ್ಕಸ್ ಎಂದು ಹೇಳಿದನಂತೆ. ಪಟ್ಟಿಯಲ್ಲಿ ಹಾಗೆಯೇ ಬರೆದುಕೊಂಡು ಹೋಗಿದ್ದಾರೆ.